ಅಮೆರಿಕ ಸರ್ಕಾರದ ಪರ ವಕೀಲಿಕೆ: ಒಂದೇ ಕಚೇರಿ, ಕ್ರಿಮಿನಲ್ ಒಂದು ಬದಿ, ಸಿವಿಲ್ ಇನ್ನೊಂದು

'ನ್ಯೂಯಾರ್ಕ್‌ನ ಅಟಾರ್ನಿ ಆರೋಪ ಹೊರಿಸಿದ್ದಾರೆ' ಎಂಬಂಥ ಸುದ್ದಿ ಕನ್ನಡ ಪತ್ರಿಕೆಗಳಲ್ಲೂ ಈಗ ಆಗಾಗ ಬರುತ್ತದೆ. ಯಾವ ಅಟಾರ್ನಿ, ಯಾರ ಪರ ಎಂಬುದು ಮಾತ್ರ ಸ್ಪಷ್ಟವಾಗಿರುವುದಿಲ್ಲ. ಇನ್ನೊಂದು ಕಡೆ, ಗ್ರೀನ್ ಕಾರ್ಡ್ ಅಥವಾ ಪೌರತ್ವದ ಕಡತ ವರ್ಷಗಟ್ಟಲೆ ಅಲ್ಲಾಡದೆ ಕುಳಿತಾಗ ಡಲ್ಲಾಸ್‌ನಲ್ಲೋ ಸ್ಯಾನ್ ಹೋಸೆಯಲ್ಲೋ ನೆಲೆಸಿರುವ ನಮ್ಮವರು ಅಮೆರಿಕ ಸರ್ಕಾರದ ಮೇಲೆಯೇ ದಾವೆ ಹೂಡುವುದುಂಟು. ಆಗ ಎದುರು ಬದಿಯಲ್ಲಿ ಬಂದು ನಿಲ್ಲುವವರು ಬಹಳ ಸಲ ಅದೇ ಅಟಾರ್ನಿ ಕಚೇರಿಯ ವಕೀಲರು. ಒಬ್ಬನನ್ನು ಜೈಲಿಗೆ ಕಳಿಸಿ ಎಂದು ವಾದಿಸುವ ಕಚೇರಿಯೇ ವೀಸಾ ವಿಳಂಬದ ದಾವೆಗೂ ಉತ್ತರ ಬರೆಯುತ್ತದೆ. ಈ ಎರಡು ಕೆಲಸಗಳು ಒಂದೇ ಸೂರಿನಡಿ ಹೇಗೆ ನಡೆಯುತ್ತವೆ ಎಂಬುದನ್ನು ತಿಳಿಯಲು ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳಬೇಕು.

ಅಟಾರ್ನಿ ಎಂದರೆ ಯಾರು?

ಅಟಾರ್ನಿ ಎಂಬ ಪದಕ್ಕೆ ಅಮೆರಿಕದಲ್ಲಿ ವಕೀಲ ಎಂದಷ್ಟೇ ಅರ್ಥ. ಸುದ್ದಿಯಲ್ಲಿ ಬರುವ ಹುದ್ದೆಗಳು ಮೂರು.

ಡಿಸ್ಟ್ರಿಕ್ಟ್ ಅಟಾರ್ನಿ ಸ್ಥಳೀಯ ಅಭಿಯೋಜಕ. ಹೆಚ್ಚಿನ ರಾಜ್ಯಗಳಲ್ಲಿ ಆ ಭಾಗದ ಜನ ಮತ ಹಾಕಿ ಆರಿಸುತ್ತಾರೆ. ಕಳವು, ಹಲ್ಲೆ, ಕೊಲೆಯಂಥ ರಾಜ್ಯದ ಕಾನೂನಿನ ಅಪರಾಧಗಳು ಇವರ ಪಾಲಿಗೆ.

ಅಟಾರ್ನಿ ಜನರಲ್ ಫೆಡರಲ್ ಸರ್ಕಾರದ, ಅಂದರೆ ಕೇಂದ್ರದ, ನ್ಯಾಯ ಇಲಾಖೆಯ ಮುಖ್ಯಸ್ಥರು. ಭಾರತದ ಅಟಾರ್ನಿ ಜನರಲ್ ಸಂವಿಧಾನದ 76ನೇ ವಿಧಿಯಂತೆ ಸರ್ಕಾರಕ್ಕೆ ಕಾನೂನು ಸಲಹೆಗಾರರು, ಮಂತ್ರಿಯಲ್ಲ. ಅಮೆರಿಕದಲ್ಲಿ ಅವರು ಸಂಪುಟದ ಸದಸ್ಯರೇ. ರಾಜ್ಯಗಳಿಗೂ ಬೇರೆ ಅಟಾರ್ನಿ ಜನರಲ್‌ಗಳಿದ್ದಾರೆ. ಸುದ್ದಿಯಲ್ಲಿ ರಾಜ್ಯದ ಹೆಸರು ಜೊತೆಗಿದೆಯೇ ಎಂದು ನೋಡಿಕೊಳ್ಳಬೇಕು.

ಈ ಲೇಖನದ ವಿಷಯ ಮೂರನೆಯವರದು. ಅವರು ಯು.ಎಸ್. ಅಟಾರ್ನಿ. 1789ರ ನ್ಯಾಯಾಂಗ ಕಾಯ್ದೆಯಿಂದ ಹುಟ್ಟಿದ ಹುದ್ದೆ ಇದು. ನ್ಯಾಯ ಇಲಾಖೆ ಸ್ಥಾಪನೆಯಾದದ್ದು 1870ರಲ್ಲಿ, ಅಂದರೆ ಇಲಾಖೆಗಿಂತ ಹುದ್ದೆಯೇ ಹಳೆಯದು. ಇಡೀ ದೇಶವನ್ನು 94 ಫೆಡರಲ್ ನ್ಯಾಯಾಂಗ ಜಿಲ್ಲೆಗಳಾಗಿ ಹಂಚಿದ್ದಾರೆ. ಗುವಾಮ್ ಮತ್ತು ಉತ್ತರ ಮರಿಯಾನಾ ದ್ವೀಪಗಳಿಗೆ ಒಬ್ಬರೇ ಇರುವುದರಿಂದ ಯು.ಎಸ್. ಅಟಾರ್ನಿಗಳು 93 ಮಂದಿ. ಇಲ್ಲಿ ಜಿಲ್ಲೆ ಎಂದರೆ ನಮ್ಮ ಮಂಡ್ಯ, ಹಾಸನದ ಅಳತೆಯಲ್ಲ. ನ್ಯೂಜೆರ್ಸಿ ರಾಜ್ಯವಿಡೀ ಒಂದೇ ಜಿಲ್ಲೆ; ನ್ಯೂಯಾರ್ಕ್, ಟೆಕ್ಸಸ್, ಕ್ಯಾಲಿಫೋರ್ನಿಯಾಗಳಲ್ಲಿ ನಾಲ್ಕು ನಾಲ್ಕು.

ಯು.ಎಸ್. ಅಟಾರ್ನಿಯನ್ನು ಅಧ್ಯಕ್ಷರು ಸೆನೆಟ್ ಒಪ್ಪಿಗೆ ಪಡೆದು ನಾಲ್ಕು ವರ್ಷಕ್ಕೆ ನೇಮಿಸುತ್ತಾರೆ. ಕೋರ್ಟಿನಲ್ಲಿ ಎದ್ದು ನಿಂತು ವಾದಿಸುವವರು, ಕಡತ ಹೊರುವವರು ಬಹುಪಾಲು ಅವರ ಕೈಕೆಳಗಿನ ಸಹಾಯಕ ಯು.ಎಸ್. ಅಟಾರ್ನಿಗಳು. ಇವರನ್ನು ನೇಮಿಸುವುದು ಅಟಾರ್ನಿ ಜನರಲ್. ಅಮೆರಿಕದ ಪೌರತ್ವ ಬೇಕು, ಹಿನ್ನೆಲೆ ತನಿಖೆ ನಡೆಯುತ್ತದೆ, ವಾಸ ತಮ್ಮ ಜಿಲ್ಲೆಯೊಳಗೆ ಅಥವಾ ಅದರಿಂದ 25 ಮೈಲಿಯೊಳಗೆ ಇರಬೇಕೆಂದು ಕಾನೂನೇ ಹೇಳುತ್ತದೆ. ನಮ್ಮ ಜಿಲ್ಲಾ ಸರ್ಕಾರಿ ವಕೀಲರನ್ನು ವೃತ್ತಿನಿರತ ವಕೀಲರ ನಡುವಿನಿಂದ ಒಂದು ಅವಧಿಗೆ ಆರಿಸುವ ಪದ್ಧತಿ ಇದೆ. ಅಲ್ಲಿ ಇದು ಪೂರ್ಣಾವಧಿಯ ನೌಕರಿ, ಹೊರಗೆ ವಕಾಲತ್ತು ಹಾಕುವಂತಿಲ್ಲ.

ಆರೋಪ ಬರೆಯುವ ಕೈ

ನಮ್ಮಲ್ಲಿ ತನಿಖೆ ಮುಗಿಸಿದ ಪೊಲೀಸ್ ಅಧಿಕಾರಿ ದೋಷಾರೋಪ ಪಟ್ಟಿ ಸಲ್ಲಿಸುತ್ತಾರೆ. ಅಭಿಯೋಜಕರ ಕೆಲಸ ಹೆಚ್ಚಾಗಿ ಅಲ್ಲಿಂದ ಮುಂದೆ. ಅಮೆರಿಕದ ಫೆಡರಲ್ ವ್ಯವಸ್ಥೆಯಲ್ಲಿ ಎಫ್‌ಬಿಐನಂಥ ಸಂಸ್ಥೆ ತನಿಖೆ ಮಾಡುತ್ತದೆ, ಆದರೆ ಯಾರ ಮೇಲೆ, ಯಾವ ಕಲಮಿನಡಿ ಆರೋಪ ಎಂದು ತೀರ್ಮಾನಿಸಿ ಕರಡು ಬರೆಯುವವರು ಸಹಾಯಕ ಅಟಾರ್ನಿ. ಹಾಗಾಗಿ ಅವರು ತನಿಖೆಯ ಮೊದಲ ದಿನಗಳಿಂದಲೇ ಜೊತೆಗಿರುತ್ತಾರೆ. ಶೋಧನಾ ವಾರಂಟ್‌ನ ಅರ್ಜಿ ತಿದ್ದುವುದು ಅವರೇ. ನ್ಯಾಯಾಧೀಶರು ಸಹಿ ಹಾಕಿದ ವಾರಂಟನ್ನು 14 ದಿನದೊಳಗೆ ಬಳಸಬೇಕು. ಫೋನ್ ಕದ್ದಾಲಿಕೆಗೆ ಇನ್ನೂ ಬಿಗಿ. ವಾಷಿಂಗ್ಟನ್‌ನ ಹಿರಿಯ ಅಧಿಕಾರಿಯ ಒಪ್ಪಿಗೆ ಬೇಕು, ನ್ಯಾಯಾಧೀಶರ ಆದೇಶ ಬೇಕು, ಒಂದು ಆದೇಶಕ್ಕೆ ಗರಿಷ್ಠ 30 ದಿನ.

ಯಾವುದು ಫೆಡರಲ್ ಅಪರಾಧ? ರಾಜ್ಯದ ಗಡಿ ದಾಟುವ ಮಾದಕವಸ್ತು ಜಾಲ, ಅಂಚೆ ಅಥವಾ ತಂತಿ, ಇಂಟರ್‌ನೆಟ್ ಮೂಲಕ ನಡೆಯುವ ವಂಚನೆ, ಬ್ಯಾಂಕ್ ದರೋಡೆ, ವಲಸೆ ಕಾನೂನಿನ ಉಲ್ಲಂಘನೆ, ಕೇಂದ್ರದ ಹಣದ ದುರುಪಯೋಗ. ಸಾಲದ ಅರ್ಜಿಯಲ್ಲಿ ಬರೆದ ಒಂದು ಸುಳ್ಳು ಅಂತರ್ಜಾಲದಲ್ಲಿ ರಾಜ್ಯದ ಗಡಿ ದಾಟಿದರೂ ಈ ಬಲೆಯೊಳಗೆ ಬರಬಹುದು. ಬಲೆ ಇಷ್ಟು ಅಗಲವಾದ್ದರಿಂದ ಎತ್ತಿಕೊಳ್ಳದೆ ಬಿಡುವ ತೀರ್ಮಾನವೂ ಈ ವೃತ್ತಿಯ ದೊಡ್ಡ ಭಾಗ. ಇಲಾಖೆಯ ಕೈಪಿಡಿ ಕೇಳುವ ಪ್ರಶ್ನೆ ಎರಡು. ಕೋರ್ಟಿನಲ್ಲಿ ನಿಲ್ಲುವ ಸಾಕ್ಷ್ಯದಿಂದ ಶಿಕ್ಷೆ ಆಗಿ, ಮೇಲ್ಮನವಿಯಲ್ಲೂ ಅದು ಉಳಿಯುವ ಸಂಭವ ಇದೆಯೇ? ಇದರಲ್ಲಿ ಕೇಂದ್ರ ಸರ್ಕಾರ ಕೈಹಾಕುವಷ್ಟು ಹಿತಾಸಕ್ತಿ ಇದೆಯೇ, ಅಥವಾ ರಾಜ್ಯದವರು ನೋಡಿಕೊಂಡರೆ ಸಾಕೇ? ಸಾಮಾನ್ಯ ಕಾಲಮಿತಿ ಅಪರಾಧ ನಡೆದ ದಿನದಿಂದ 5 ವರ್ಷ.

ಗ್ರ್ಯಾಂಡ್ ಜ್ಯೂರಿಯ ಕೋಣೆ

ಗಂಭೀರ ಫೆಡರಲ್ ಅಪರಾಧದ ಆರೋಪಕ್ಕೆ ವಕೀಲರ ಸಹಿ ಒಂದೇ ಸಾಲದು. ಸಂವಿಧಾನದ ಐದನೇ ತಿದ್ದುಪಡಿಯಂತೆ ಗ್ರ್ಯಾಂಡ್ ಜ್ಯೂರಿ ಒಪ್ಪಬೇಕು. ಊರಿನ ಸಾಮಾನ್ಯ ನಾಗರಿಕರು 16ರಿಂದ 23 ಮಂದಿ ಕೂರುತ್ತಾರೆ. ಅವರಲ್ಲಿ ಕನಿಷ್ಠ 12 ಮಂದಿ ಹೂಂ ಎಂದರೆ ಇಂಡೈಟ್‌ಮೆಂಟ್, ಅಂದರೆ ಔಪಚಾರಿಕ ದೋಷಾರೋಪ. ಕೋಣೆಯಲ್ಲಿ ನ್ಯಾಯಾಧೀಶರಿಲ್ಲ, ಆರೋಪಿಯ ವಕೀಲರಿಲ್ಲ. ಸಾಕ್ಷಿ ತನ್ನ ವಕೀಲರನ್ನು ಕೇಳಬೇಕೆಂದರೆ ಎದ್ದು ಹೊರಗೆ ಬರಬೇಕು. ಒಳಗಿರುವುದು ಸರ್ಕಾರಿ ವಕೀಲರು, ಸಾಕ್ಷಿ, ಬರೆದುಕೊಳ್ಳುವವರು, ಬೇಕಿದ್ದರೆ ದುಭಾಷಿ. ಮತ ಹಾಕುವಾಗ ಸರ್ಕಾರಿ ವಕೀಲರೂ ಹೊರನಡೆಯಬೇಕು.

ಇಲ್ಲಿ ಬೇಕಾದ ಪುರಾವೆಯ ಮಟ್ಟ ಕೆಳಗಿನದು. ಅಪರಾಧ ನಡೆದಿದೆ, ಇವರೇ ಮಾಡಿರಬಹುದು ಎಂದು ನಂಬಲು ತಕ್ಕ ಕಾರಣ ಇದ್ದರಾಯಿತು. ಆದ್ದರಿಂದ ಪತ್ರಿಕೆಯಲ್ಲಿ ಇಂಡೈಟ್‌ಮೆಂಟ್ ಆಯಿತು ಎಂದು ಓದಿದಾಗ ತಪ್ಪು ರುಜುವಾತಾಯಿತು ಎಂದು ಓದಿಕೊಳ್ಳಬಾರದು. ಒಂದು ಬದಿಯ ಮಾತಷ್ಟೇ ಕೇಳಿಸಿಕೊಂಡ ಹಂತ ಅದು.

ಗಡಿಯಾರ ಓಡುತ್ತದೆ

ಬಂಧನವಾದ ಕ್ಷಣದಿಂದ ಈ ವಕೀಲರ ದಿನಚರಿಯನ್ನು ಗಡುವುಗಳೇ ಆಳುತ್ತವೆ. 1974ರ ತ್ವರಿತ ವಿಚಾರಣಾ ಕಾಯ್ದೆಯಂತೆ ಬಂಧನದಿಂದ 30 ದಿನದೊಳಗೆ ಇಂಡೈಟ್‌ಮೆಂಟ್ ಆಗಬೇಕು. ಅಲ್ಲಿಂದ ಅಥವಾ ಕೋರ್ಟಿನ ಮೊದಲ ಹಾಜರಾತಿಯಿಂದ, ಯಾವುದು ತಡವೋ ಅದರಿಂದ, 70 ದಿನದೊಳಗೆ ವಿಚಾರಣೆ ಶುರುವಾಗಬೇಕು. ಮಧ್ಯಂತರ ಅರ್ಜಿಗಳ ವಿಚಾರಣೆ, ಪ್ರಕರಣದ ಜಟಿಲತೆ ಮುಂತಾದ ಕಾರಣಗಳಿಗೆ ಕೋರ್ಟು ಕೆಲವು ದಿನಗಳನ್ನು ಲೆಕ್ಕದಿಂದ ಬಿಡಬಹುದು. ಆದ್ದರಿಂದ ದೊಡ್ಡ ವಂಚನೆ ಪ್ರಕರಣಗಳು ವರ್ಷಗಟ್ಟಲೆ ನಡೆಯುವುದೂ ಉಂಟು. ಆದರೆ ಯಾವ ದಿನ ಲೆಕ್ಕಕ್ಕಿದೆ, ಯಾವುದು ಬಿಟ್ಟಿದೆ ಎಂದು ಬರೆದಿಡದೆ ಎಡವಿದರೆ ಪ್ರಕರಣವೇ ವಜಾ ಆಗುತ್ತದೆ.

ಜಾಮೀನಿನ ಮಾತು ಮೊದಲ ದಿನವೇ ಬರುತ್ತದೆ. ಆರೋಪಿಯನ್ನು ಒಳಗೇ ಇಡಿ ಎಂದು ಕೇಳುವ ಸರ್ಕಾರಿ ವಕೀಲರು ಆ ವಿಚಾರಣೆಗೆ ತಯಾರಾಗಲು ಸಾಮಾನ್ಯವಾಗಿ 3 ದಿನ ಕೇಳಬಹುದು, ಆರೋಪಿಯ ಕಡೆಯವರು 5 ದಿನ. ಓಡಿಹೋಗುವ ಅಪಾಯ ಅಥವಾ ಸಮಾಜಕ್ಕೆ ಅಪಾಯ, ಇವೆರಡರ ಸುತ್ತಲೇ ವಾದ. ವಿದೇಶಿ ಪ್ರಜೆಗಳ ಪ್ರಕರಣದಲ್ಲಿ ತಾಯ್ನಾಡಿನ ನಂಟು, ಪಾಸ್‌ಪೋರ್ಟ್, ಊರಿನಲ್ಲಿರುವ ಆಸ್ತಿ ಎಲ್ಲವೂ ಓಡಿಹೋಗುವ ಅಪಾಯದ ತಕ್ಕಡಿಗೆ ಬೀಳುತ್ತವೆ.

ಎದುರಾಳಿಗೆ ತಾನೇ ಕೊಡಬೇಕಾದ ಅಸ್ತ್ರ

ಈ ವೃತ್ತಿಯ ಅತಿ ಕಠಿಣ ಭಾಗ ಯಾವುದೆಂದರೆ ಪಾಟೀಸವಾಲಲ್ಲ, ಸಾಕ್ಷ್ಯ ಹಂಚಿಕೊಳ್ಳುವ ಕರ್ತವ್ಯ. 1963ರ ಬ್ರೇಡಿ ವಿರುದ್ಧ ಮೇರಿಲ್ಯಾಂಡ್ ತೀರ್ಪಿನ ನಂತರ, ಆರೋಪಿಗೆ ನೆರವಾಗಬಲ್ಲ ಮುಖ್ಯ ಸಾಕ್ಷ್ಯ ತನ್ನ ಬಳಿಯಿದ್ದರೆ ಸರ್ಕಾರ ಅದನ್ನು ಎದುರು ವಕೀಲರಿಗೆ ಕೊಡಲೇಬೇಕು. ಬ್ರೇಡಿಯ ಜೊತೆಗಾರ, ಕೊಂದದ್ದು ನಾನೇ ಎಂದು ಕೊಟ್ಟಿದ್ದ ಹೇಳಿಕೆಯನ್ನು ಅಭಿಯೋಜಕರು ಮುಚ್ಚಿಟ್ಟಿದ್ದರು. 1972ರ ಗಿಗ್ಲಿಯೊ ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಸರ್ಕಾರದ ಸಾಕ್ಷಿಗೆ ಏನಾದರೂ ಆಸೆ ತೋರಿಸಿದ್ದರೆ ಅದನ್ನೂ ಹೇಳಬೇಕು, ಏಕೆಂದರೆ ಅದು ಸಾಕ್ಷಿಯ ಮಾತಿನ ಬೆಲೆಯನ್ನು ಕುಗ್ಗಿಸುತ್ತದೆ.

ಇದನ್ನು ಹೇಳುವುದು ಸುಲಭ, ಮಾಡುವುದು ಕಷ್ಟ. ಕರ್ತವ್ಯ ವಕೀಲರ ಮೇಜಿನ ಮೇಲಿನ ಕಡತಕ್ಕೆ ಸೀಮಿತವಲ್ಲ. ತನಿಖಾಧಿಕಾರಿಯ ನೋಟ್‌ಬುಕ್, ಅವರ ಫೋನಿನ ಸಂದೇಶ, ಜೊತೆಗೆ ತನಿಖೆ ಮಾಡಿದ ಇನ್ನೊಂದು ಸಂಸ್ಥೆಯ ಇಮೇಲ್ ಎಲ್ಲಕ್ಕೂ ಚಾಚುತ್ತದೆ. ಸಾಕ್ಷಿಯೊಬ್ಬ ಮೊದಲ ಭೇಟಿಯಲ್ಲಿ 'ನೆನಪಿಲ್ಲ' ಎಂದು, ಮೂರನೇ ಭೇಟಿಯಲ್ಲಿ ಸ್ಪಷ್ಟವಾಗಿ ಹೇಳಿದರೆ, ಆ ಮೊದಲ 'ನೆನಪಿಲ್ಲ' ಕೊಡಬೇಕಾದ ಸಾಕ್ಷ್ಯ. ಮೂರನೇ ಭೇಟಿಯದನ್ನಷ್ಟೇ ಟೈಪ್ ಮಾಡಿಟ್ಟು ಮೊದಲನೆಯದನ್ನು ಮರೆಯುವುದು, ಎಲ್ಲ ತಪ್ಪುಗಳಲ್ಲಿ ಅತಿ ಸಾಮಾನ್ಯವೂ ಅತಿ ದುಬಾರಿಯೂ ಆದದ್ದು.

ಎಷ್ಟು ದುಬಾರಿ ಎನ್ನಲು ಅಲಾಸ್ಕಾದ ಸೆನೆಟರ್ ಟೆಡ್ ಸ್ಟೀವನ್ಸ್ ಪ್ರಕರಣ ನೋಡಿ. 2008ರ ಅಕ್ಟೋಬರ್‌ನಲ್ಲಿ ಜ್ಯೂರಿ ಅವರನ್ನು ತಪ್ಪಿತಸ್ಥರೆಂದಿತು, ಮರುತಿಂಗಳ ಚುನಾವಣೆಯಲ್ಲಿ ಅವರು ಸೋತರು. ಆಮೇಲೆ ಪ್ರಮುಖ ಸಾಕ್ಷಿಯ ಭೇಟಿಯೊಂದರ ಟಿಪ್ಪಣಿಗಳನ್ನು ಸರ್ಕಾರಿ ವಕೀಲರು ಕೊಟ್ಟಿರಲಿಲ್ಲವೆಂದು ಹೊರಬಿತ್ತು. 2009ರ ಏಪ್ರಿಲ್‌ನಲ್ಲಿ ನ್ಯಾಯ ಇಲಾಖೆಯೇ ಕೇಳಿಕೊಂಡು ಪ್ರಕರಣ ವಜಾ ಆಯಿತು. ಸೆನೆಟ್ ಸ್ಥಾನ ಮಾತ್ರ ಮರಳಲಿಲ್ಲ. 2020ರಲ್ಲಿ ಬಂದ ಕಾನೂನಿನಂತೆ ಈಗ ನ್ಯಾಯಾಧೀಶರು ಮೊದಲ ಹಾಜರಾತಿಯಲ್ಲೇ ಈ ಕರ್ತವ್ಯವನ್ನು ಸರ್ಕಾರಿ ವಕೀಲರಿಗೆ ಆದೇಶವಾಗಿ ಓದಿ ಹೇಳಬೇಕು.

ಇಷ್ಟೇ ಎಚ್ಚರ ಬೇಡುವ ಇನ್ನೊಂದು ಜಾಗವಿದೆ. ವಶಪಡಿಸಿದ ಲ್ಯಾಪ್‌ಟಾಪಿನಲ್ಲಿ ಆರೋಪಿ ತನ್ನ ವಕೀಲರಿಗೆ ಬರೆದ ಗೋಪ್ಯ ಪತ್ರಗಳಿರಬಹುದು. ಅವನ್ನು ಪ್ರಕರಣ ನಡೆಸುವ ವಕೀಲರು ಕಣ್ಣಿನಲ್ಲಿ ಕಂಡರೂ ತೊಂದರೆ. ಅದಕ್ಕೇ ಪ್ರಕರಣಕ್ಕೆ ಸಂಬಂಧವಿಲ್ಲದ ಬೇರೆ ವಕೀಲರ ತಂಡವೊಂದು ಮೊದಲು ಜರಡಿ ಹಿಡಿಯುತ್ತದೆ.

ತಪ್ಪೊಪ್ಪಿಗೆ ಮತ್ತು 258 ಚೌಕಗಳು

ಸಿನಿಮಾದಲ್ಲಿ ಕಾಣುವ ಜ್ಯೂರಿ ವಿಚಾರಣೆ ಅಪರೂಪ. ಹತ್ತು ಫೆಡರಲ್ ಆರೋಪಿಗಳಲ್ಲಿ ಸುಮಾರು ಒಂಬತ್ತು ಮಂದಿ ತಪ್ಪೊಪ್ಪಿಕೊಳ್ಳುತ್ತಾರೆ. ಒಪ್ಪಂದದ ಕರಾರು ಬರೆಯುವುದು, ಯಾವ ಆರೋಪ ಕೈಬಿಡಬೇಕು ಎಂದು ತೂಗುವುದು, ಸಹಕರಿಸಿದ ಆರೋಪಿಗೆ ಶಿಕ್ಷೆ ಇಳಿಸುವಂತೆ ಕೋರ್ಟಿಗೆ ಅರ್ಜಿ ಹಾಕುವುದು, ಇವು ಸಹಾಯಕ ಅಟಾರ್ನಿಯ ನಿತ್ಯದ ಕೆಲಸ.

ಶಿಕ್ಷೆಯ ಲೆಕ್ಕಕ್ಕೆ ಒಂದು ಕೋಷ್ಟಕವಿದೆ. ಮೇಲಿನಿಂದ ಕೆಳಕ್ಕೆ ಅಪರಾಧದ ಗಾಂಭೀರ್ಯದ 43 ಮೆಟ್ಟಿಲು, ಎಡದಿಂದ ಬಲಕ್ಕೆ ಹಳೆಯ ಅಪರಾಧಗಳ 6 ವರ್ಗ. ಒಟ್ಟು 258 ಚೌಕ, ಒಂದೊಂದರಲ್ಲೂ ಜೈಲಿನ ತಿಂಗಳುಗಳು. ವಂಚನೆಯಾದರೆ ನಷ್ಟದ ಮೊತ್ತ ಏರಿದಂತೆ ಮೆಟ್ಟಿಲು ಏರುತ್ತದೆ. ತಪ್ಪಿನ ಹೊಣೆ ಹೊತ್ತರೆ 2 ಮೆಟ್ಟಿಲು ಇಳಿಯುತ್ತದೆ. ಲೆಕ್ಕ 16ನೇ ಮೆಟ್ಟಿಲು ಅಥವಾ ಮೇಲಿದ್ದರೆ, ಬೇಗ ಒಪ್ಪಿಕೊಂಡರು ಎಂದು ಸರ್ಕಾರಿ ವಕೀಲರು ಅರ್ಜಿ ಹಾಕಿದಾಗ ಇನ್ನೊಂದು. 1987ರ ನವೆಂಬರ್‌ನಿಂದ ಜಾರಿಯಲ್ಲಿರುವ ಈ ಕೋಷ್ಟಕ 2005ರ ಬೂಕರ್ ತೀರ್ಪಿನ ನಂತರ ಸಲಹೆಯಾಗಿ ಉಳಿದಿದೆ, ಕಡ್ಡಾಯವಲ್ಲ. ಆದರೂ ವಾದ ಶುರುವಾಗುವುದು ಈ ಚೌಕದಿಂದಲೇ.

ಸಿವಿಲ್ ಬದಿ: ಸರ್ಕಾರ ಪ್ರತಿವಾದಿಯಾದಾಗ

ಅದೇ ಕಟ್ಟಡದ ಇನ್ನೊಂದು ಭಾಗಕ್ಕೆ ಬರೋಣ. ಇಲ್ಲಿ ಜೈಲಿಲ್ಲ, ಹಣ ಮತ್ತು ಆದೇಶಗಳಿವೆ. ಪುರಾವೆಯ ಅಳತೆಯೂ ಬೇರೆ. ಕ್ರಿಮಿನಲ್ ಬದಿಯಲ್ಲಿ 12 ಜ್ಯೂರಿಗಳೂ ಸಂಶಯಾತೀತವಾಗಿ ಒಪ್ಪಬೇಕು. ಇಲ್ಲಿ ಸಾಮಾನ್ಯವಾಗಿ ತಕ್ಕಡಿ ಕೂದಲೆಳೆಯಷ್ಟು ಒಂದು ಕಡೆ ವಾಲಿದರೂ ಸಾಕು.

ಅಂಚೆ ಇಲಾಖೆಯ ಗಾಡಿ ಬಂದು ಕಾರಿಗೆ ಗುದ್ದಿತು ಎನ್ನಿ. ಹಿಂದೆ ಸರ್ಕಾರದ ಮೇಲೆ ಇಂಥದ್ದಕ್ಕೆ ದಾವೆ ಹೂಡುವಂತಿರಲಿಲ್ಲ. 1946ರ ಫೆಡರಲ್ ಟಾರ್ಟ್ ಕ್ಲೇಮ್ಸ್ ಕಾಯ್ದೆ ಆ ಬಾಗಿಲನ್ನು ಅರ್ಧ ತೆರೆಯಿತು. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಸರ್ಕಾರಕ್ಕೆ ಎರಡು ತಿಂಗಳ ನೋಟಿಸ್ ಕೊಡಬೇಕಲ್ಲ, ಹಾಗೆಯೇ ಅಲ್ಲಿ ಮೊದಲು ಸಂಬಂಧಪಟ್ಟ ಇಲಾಖೆಗೆ ಲಿಖಿತ ಬೇಡಿಕೆ ಸಲ್ಲಿಸಬೇಕು. ಘಟನೆಯಿಂದ 2 ವರ್ಷದೊಳಗೆ, ಎಷ್ಟು ಹಣ ಎಂದು ಖಚಿತ ಅಂಕಿಯೊಂದಿಗೆ. ಇಲಾಖೆಗೆ 6 ತಿಂಗಳ ಸಮಯ. ಲಿಖಿತವಾಗಿ ನಿರಾಕರಿಸಿದರೆ ಆ ಪತ್ರ ಕಳಿಸಿದ ದಿನದಿಂದ 6 ತಿಂಗಳೊಳಗೆ ದಾವೆ. ಜ್ಯೂರಿ ಇಲ್ಲ, ನ್ಯಾಯಾಧೀಶರೇ ತೀರ್ಮಾನಿಸುತ್ತಾರೆ. ದಂಡನಾರೂಪದ ಪರಿಹಾರವೂ ಇಲ್ಲ. ಚಾಲಕ ಕರ್ತವ್ಯದ ಮೇಲಿದ್ದ ಎಂದು ಪ್ರಮಾಣೀಕರಿಸಿದರೆ ಅವನ ಹೆಸರು ದಾವೆಯಿಂದ ಹೋಗಿ ಅಮೆರಿಕ ಸಂಯುಕ್ತ ಸಂಸ್ಥಾನವೇ ಪ್ರತಿವಾದಿ.

ಇಲ್ಲಿ ಜನ ಎಡವುವ ಒಂದು ಜಾಗವನ್ನು ವಿವರವಾಗಿ ಹೇಳಬೇಕು. ಬಡವರಿಗಾಗಿ ನಡೆಯುವ ಹಲವು ಸಮುದಾಯ ಆರೋಗ್ಯ ಕೇಂದ್ರಗಳು ಖಾಸಗಿ ಕ್ಲಿನಿಕ್‌ನಂತೆಯೇ ಕಾಣುತ್ತವೆ. ಆದರೆ ಫೆಡರಲ್ ಅನುದಾನದ ಕಾರಣ, ಅಲ್ಲಿನ ವೈದ್ಯರು ಚಿಕಿತ್ಸೆಯ ದಾವೆಗಳ ಮಟ್ಟಿಗೆ ಫೆಡರಲ್ ನೌಕರರೆಂದೇ ಲೆಕ್ಕ. ರೋಗಿಯ ವಕೀಲರು ಇದನ್ನು ಗಮನಿಸದೆ ರಾಜ್ಯದ ಕೋರ್ಟಿನಲ್ಲಿ ದಾವೆ ಹಾಕುತ್ತಾರೆ. ಸಹಾಯಕ ಅಟಾರ್ನಿ ಅದನ್ನು ಫೆಡರಲ್ ಕೋರ್ಟಿಗೆ ಎಳೆಯುತ್ತಾರೆ, ಇಲಾಖೆಗೆ ಬೇಡಿಕೆಯನ್ನೇ ಸಲ್ಲಿಸಿಲ್ಲ ಎಂದು ವಜಾ ಕೇಳುತ್ತಾರೆ. ಬೇಗ ಹಾಕಿದ್ದ ದಾವೆಯಾದರೆ ಬೇಡಿಕೆ ಸಲ್ಲಿಸಲು ಇನ್ನೊಂದು ಅವಕಾಶ ಸಿಗುತ್ತದೆ, ತಡವಾಗಿದ್ದರೆ ನಿಜವಾದ ನೋವೂ ಪರಿಹಾರವಿಲ್ಲದೆ ಹೋಗುತ್ತದೆ.

ಸರ್ಕಾರ ಸೋತರೆ ಅಥವಾ ರಾಜಿಯಾದರೆ ಹಣ ಎಲ್ಲಿಂದ? ಸಂಸತ್ತು ಪ್ರತಿ ಸಲ ಮಂಜೂರು ಮಾಡಬೇಕಿಲ್ಲ, ಜಡ್ಜ್‌ಮೆಂಟ್ ಫಂಡ್ ಎಂಬ ಶಾಶ್ವತ ನಿಧಿಯಿದೆ.

ವೀಸಾ ವಿಳಂಬದ ದಾವೆಗಳು

ನಮ್ಮ ಓದುಗರಿಗೆ ಹತ್ತಿರದ ಭಾಗ ಇದು. ಪೌರತ್ವದ ಸಂದರ್ಶನ ಮುಗಿದು 120 ದಿನವಾದರೂ ತೀರ್ಮಾನ ಬರದಿದ್ದರೆ ಅರ್ಜಿದಾರರು ನೇರವಾಗಿ ಫೆಡರಲ್ ಜಿಲ್ಲಾ ಕೋರ್ಟಿಗೆ ಹೋಗಬಹುದು. ಉಳಿದ ವಿಳಂಬಗಳಿಗೆ 'ಮಾಡಬೇಕಾದ ಕೆಲಸ ಮಾಡಿ' ಎಂದು ಆದೇಶ ಕೇಳುವ ಮ್ಯಾಂಡಮಸ್ ದಾವೆ. ನಮ್ಮ ಹೈಕೋರ್ಟಿನ ರಿಟ್ ಅರ್ಜಿಯ ಸೋದರ ಸಂಬಂಧಿ ಎನ್ನಬಹುದು.

ಸಮನ್ಸ್ ಮುಟ್ಟಿಸುವುದರಲ್ಲೇ ಅರ್ಧ ತಪ್ಪುಗಳು. ದಾವೆಯ ಪ್ರತಿ ಮೂರು ಕಡೆ ಹೋಗಬೇಕು: ಆ ಜಿಲ್ಲೆಯ ಯು.ಎಸ್. ಅಟಾರ್ನಿ ಕಚೇರಿ, ವಾಷಿಂಗ್ಟನ್‌ನ ಅಟಾರ್ನಿ ಜನರಲ್, ಸಂಬಂಧಪಟ್ಟ ಇಲಾಖೆ. ಒಂದು ಬಿಟ್ಟರೂ ಆಕ್ಷೇಪಣೆ ಬರುತ್ತದೆ. ಖಾಸಗಿ ಪ್ರತಿವಾದಿಗೆ ಉತ್ತರಿಸಲು 21 ದಿನ, ಸರ್ಕಾರಕ್ಕೆ ಸಾಮಾನ್ಯವಾಗಿ 60 ದಿನ. ಈ 60 ದಿನದಲ್ಲಿ ಸಹಾಯಕ ಅಟಾರ್ನಿ ವಲಸೆ ಇಲಾಖೆಗೆ ಫೋನ್ ಮಾಡಿ ಕಡತ ಎಲ್ಲಿದೆ ಎಂದು ಕೇಳುತ್ತಾರೆ. ಎಷ್ಟೋ ಸಲ ಇಲಾಖೆ ಆ ಅವಧಿಯಲ್ಲೇ ತೀರ್ಮಾನ ಕೊಟ್ಟುಬಿಡುತ್ತದೆ, ದಾವೆ ತಾನಾಗಿ ಮುಗಿಯುತ್ತದೆ.

ಆದರೆ ಕೋರ್ಟು 'ಬೇಗ ತೀರ್ಮಾನಿಸಿ' ಎನ್ನಬಲ್ಲದೇ ಹೊರತು 'ಹೌದು ಎನ್ನಿ' ಎನ್ನಲಾರದು. ಉದ್ಯೋಗ ಆಧಾರಿತ ಗ್ರೀನ್ ಕಾರ್ಡಿಗಾಗಿ ಕಾದಿರುವ ಭಾರತೀಯರ ಉದ್ದ ಸಾಲಿಗೆ ಮುಖ್ಯ ಕಾರಣ ಒಂದು ದೇಶಕ್ಕೆ ಶೇ. 7ರ ಮಿತಿ. ಅದು ಸಂಸತ್ತು ಹಾಕಿದ ಗೆರೆ, ಇಲಾಖೆಯ ಸೋಮಾರಿತನವಲ್ಲ. ಸರ್ಕಾರಿ ವಕೀಲರು ಮೊದಲು ಎತ್ತುವ ವಾದವೂ ಅದೇ. ಚೆನ್ನೈ ಕಾನ್ಸುಲೇಟ್‌ನಲ್ಲಿ ಅಧಿಕಾರಿ ವೀಸಾ ನಿರಾಕರಿಸಿದ್ದನ್ನು ಅಮೆರಿಕದ ಕೋರ್ಟಿನಲ್ಲಿ ಪ್ರಶ್ನಿಸುವುದಂತೂ ಹೆಚ್ಚುಕಡಿಮೆ ಅಸಾಧ್ಯ.

ಸರ್ಕಾರ ವಾದಿಯಾದಾಗ

ಸರ್ಕಾರದ ಹಣ ವಂಚಿಸಿದವರಿಂದ ವಸೂಲಿ ಮಾಡುವುದು ಸಿವಿಲ್ ಬದಿಯ ಇನ್ನೊಂದು ಮುಖ. ಅಂತರ್ಯುದ್ಧದ ವೇಳೆ ಸೈನ್ಯಕ್ಕೆ ಕಳಪೆ ಸಾಮಾನು ಮಾರಿದವರನ್ನು ಹಿಡಿಯಲು 1863ರಲ್ಲಿ ಲಿಂಕನ್ ಕಾಲದಲ್ಲಿ ಬಂದ ಫಾಲ್ಸ್ ಕ್ಲೇಮ್ಸ್ ಕಾಯ್ದೆ ಇಂದಿಗೂ ಮುಖ್ಯ ಆಯುಧ. ನಷ್ಟದ ಮೂರುಪಟ್ಟು, ಜೊತೆಗೆ ಪ್ರತಿ ಸುಳ್ಳು ಬಿಲ್ಲಿಗೆ ದಂಡ. ಒಳಗಿನ ನೌಕರನೇ ಸರ್ಕಾರದ ಹೆಸರಿನಲ್ಲಿ ದಾವೆ ಹಾಕಬಹುದು. ಅದು ಮೊದಲು ಕನಿಷ್ಠ 60 ದಿನ ಮೊಹರಿನೊಳಗೆ ಗುಟ್ಟಾಗಿರುತ್ತದೆ, ಸಹಾಯಕ ಅಟಾರ್ನಿ ಪರಿಶೀಲಿಸಿ ಕೈಜೋಡಿಸಬೇಕೋ ಬೇಡವೋ ಎಂದು ನಿರ್ಧರಿಸುತ್ತಾರೆ. ಕೈಜೋಡಿಸಿ ಹಣ ಬಂದರೆ ಸಾಮಾನ್ಯವಾಗಿ ನೌಕರನಿಗೆ ಶೇ. 15ರಿಂದ 25, ಅವನೊಬ್ಬನೇ ಹೋರಾಡಿ ಗೆದ್ದರೆ ಶೇ. 25ರಿಂದ 30.

ರಾಜಿ ಹೇಗೆ ಕಾಣುತ್ತದೆ ಎಂಬುದಕ್ಕೆ ಬೆಂಗಳೂರಿಗೆ ತಾಗಿದ ಒಂದು ಉದಾಹರಣೆ ಇದೆ. ಅದು ವೀಸಾ ವಿಷಯದ್ದು. 2013ರ ಅಕ್ಟೋಬರ್ 30ರಂದು ಟೆಕ್ಸಸ್ ಪೂರ್ವ ಜಿಲ್ಲೆಯ ಯು.ಎಸ್. ಅಟಾರ್ನಿ ಕಚೇರಿಯೊಂದಿಗೆ ಇನ್ಫೋಸಿಸ್ 3.4 ಕೋಟಿ ಡಾಲರಿನ ಸಿವಿಲ್ ಒಪ್ಪಂದ ಮಾಡಿಕೊಂಡಿತು. ಎಚ್-1ಬಿ ಬೇಕಾದ ಕೆಲಸಕ್ಕೆ ಬಿ-1 ವ್ಯಾಪಾರ ಭೇಟಿಯ ವೀಸಾ ಬಳಸಲಾಯಿತೆಂಬುದು ಸರ್ಕಾರದ ಆರೋಪ. ಉದ್ದೇಶಪೂರ್ವಕ ವೀಸಾ ವಂಚನೆಯನ್ನು ಕಂಪನಿ ನಿರಾಕರಿಸಿತು, ನೌಕರರ ಅರ್ಹತಾ ಪತ್ರಗಳ ಲೋಪಗಳನ್ನು ಒಪ್ಪಿಕೊಂಡಿತು. ಕ್ರಿಮಿನಲ್ ಆರೋಪ ದಾಖಲಾಗಲಿಲ್ಲ. ಎರಡೂ ಕಡೆಯವರು ತಮ್ಮ ತಮ್ಮ ನಿಲುವು ಉಳಿಸಿಕೊಂಡೇ ಹಣ ಕೈಬದಲಾಗುವುದು ಸಿವಿಲ್ ರಾಜಿಯ ಸ್ವಭಾವ.

ನಡುವಿನ ಗೋಡೆ

ಒಂದೇ ಘಟನೆಗೆ ಎರಡೂ ಬದಿಯ ಪ್ರಕರಣ ನಡೆಯಬಹುದು. ಒಳಮಾಹಿತಿ ಷೇರು ವ್ಯವಹಾರದಲ್ಲಿ ಮೆಕಿನ್ಸಿ ಕಂಪನಿಯ ಮಾಜಿ ಮುಖ್ಯಸ್ಥ ರಜತ್ ಗುಪ್ತಾ ಅವರಿಗೆ 2012ರಲ್ಲಿ ಕ್ರಿಮಿನಲ್ ಕೋರ್ಟಿನಲ್ಲಿ 2 ವರ್ಷ ಜೈಲು, 50 ಲಕ್ಷ ಡಾಲರ್ ದಂಡ ಆಯಿತು. ಷೇರು ಮಾರುಕಟ್ಟೆ ನಿಯಂತ್ರಕ ಸಂಸ್ಥೆ ತನ್ನದೇ ವಕೀಲರ ಮೂಲಕ ನಡೆಸಿದ ಸಿವಿಲ್ ದಾವೆಯಲ್ಲಿ 2013ರಲ್ಲಿ ಬೇರೆಯಾಗಿ 1.39 ಕೋಟಿ ಡಾಲರ್ ದಂಡ ಬಿತ್ತು.

ಆದರೆ ಪಕ್ಕದ ಕೋಣೆಯ ಸಹೋದ್ಯೋಗಿಯಾದರೂ ಸಿವಿಲ್ ವಕೀಲರು ಗ್ರ್ಯಾಂಡ್ ಜ್ಯೂರಿಯ ಕಾಗದವನ್ನು ಬೇಕೆಂದಾಗ ತೆರೆದು ನೋಡುವಂತಿಲ್ಲ. 1983ರ ಸೆಲ್ಸ್ ಎಂಜಿನಿಯರಿಂಗ್ ತೀರ್ಪು ಈ ಗೋಡೆ ಕಟ್ಟಿತು. ಸಾಮಾನ್ಯವಾಗಿ ನಿರ್ದಿಷ್ಟ ಅಗತ್ಯ ತೋರಿಸಿ ಕೋರ್ಟಿನ ಆದೇಶ ತರಬೇಕು. ತಿರುಗಿ, ಕ್ರಿಮಿನಲ್ ಪ್ರಕರಣಕ್ಕೆ ಸಾಕ್ಷ್ಯ ಕಲೆಹಾಕಲೆಂದೇ ಸಿವಿಲ್ ವಿಚಾರಣೆಯ ನೆಪ ಹೂಡುವುದೂ ಕೂಡದು. ಯಾವ ಇಮೇಲಿನಲ್ಲಿ ಯಾರ ಹೆಸರು ಸೇರಿಸಬೇಕು ಎಂಬಷ್ಟು ಸಣ್ಣ ವಿಷಯವೂ ಈ ಕಚೇರಿಗಳಲ್ಲಿ ಯೋಚಿಸಬೇಕಾದ ವಿಷಯವಾಗುವುದು ಈ ಕಾರಣಕ್ಕೆ.

ಸೋತ ಮೇಲೆ

ಸಿವಿಲ್ ಪ್ರಕರಣದಲ್ಲಿ ಸರ್ಕಾರ ಒಂದು ಕಕ್ಷಿಯಾಗಿದ್ದರೆ ಮೇಲ್ಮನವಿಗೆ ಎರಡೂ ಕಡೆಗೆ 60 ದಿನ. ಕ್ರಿಮಿನಲ್‌ನಲ್ಲಿ ಆರೋಪಿಗೆ 14 ದಿನ, ಸರ್ಕಾರಕ್ಕೆ 30. ಆದರೆ ಸೋತ ಸಹಾಯಕ ಅಟಾರ್ನಿ ತಾವೇ ಮೇಲ್ಮನವಿ ಹೂಡುವಂತಿಲ್ಲ. ವಾಷಿಂಗ್ಟನ್‌ನ ಸಾಲಿಸಿಟರ್ ಜನರಲ್ ಒಪ್ಪಬೇಕು. ಒಂದು ಜಿಲ್ಲೆಯ ಹಟಕ್ಕೆ ಹೂಡಿದ ದುರ್ಬಲ ಮೇಲ್ಮನವಿ ಇತರ ಜಿಲ್ಲೆಗಳಿಗೂ ಕೆಟ್ಟ ಪೂರ್ವನಿದರ್ಶನವಾಗಬಾರದು ಎಂಬುದು ಅದರ ಹಿಂದಿನ ಲೆಕ್ಕ. ಜ್ಯೂರಿ ಖುಲಾಸೆ ಮಾಡಿದರಂತೂ ಆ ದಾರಿಯೂ ಇಲ್ಲ. ನಮ್ಮಲ್ಲಿ ಖುಲಾಸೆಯ ವಿರುದ್ಧ ರಾಜ್ಯ ಸರ್ಕಾರ ಹೈಕೋರ್ಟಿಗೆ ಹೋಗಬಹುದು. ಅಲ್ಲಿ ಹನ್ನೆರಡು ಮಂದಿ 'ತಪ್ಪಿತಸ್ಥನಲ್ಲ' ಎಂದ ಮೇಲೆ, ಎಷ್ಟೇ ವರ್ಷ ತನಿಖೆ ನಡೆದಿರಲಿ, ಆ ಆರೋಪದ ಮೇಲೆ ಅದೇ ವ್ಯಕ್ತಿಯನ್ನು ಫೆಡರಲ್ ಸರ್ಕಾರ ಮತ್ತೆ ಕಟಕಟೆಗೆ ತರಲಾಗದು. ಸಹಾಯಕ ಅಟಾರ್ನಿ ಅಂದೇ ಕಡತ ಕಟ್ಟಿಡಬೇಕು.